ದತ್ತಿ ಇಡುವ ಮುನ್ನ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ವಿಶ್ವವಿದ್ಯಾಲಯಗಳಿಗೆ, ಕಾಲೇಜುಗಳಿಗೆ ಕೊಡುವ ದಾನ ಮತ್ತು ದತ್ತಿನಿಧಿ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ದತ್ತಿ ಲೆಕ್ಕ, ವಿದ್ಯಾರ್ಥಿ ಕ್ಷೇಮ, ಗ್ರಂಥಾಲಯ, ತೆರಿಗೆ ಇವುಗಳಲ್ಲಿ ಪಳಗಿದವರು ಉತ್ತರ ಬರೆದಿದ್ದಾರೆ.

ಪ್ರಶ್ನೆ: ನಮ್ಮ ಯಜಮಾನರು ಕನ್ನಡ ಮೇಷ್ಟ್ರಾಗಿದ್ದರು. ಅವರ ಹೆಸರಿನಲ್ಲಿ ವಿಶ್ವವಿದ್ಯಾಲಯದಲ್ಲಿ ಒಂದು ಚಿನ್ನದ ಪದಕ ಇಡಬೇಕೆಂದು ಮಕ್ಕಳ ಆಸೆ. ಎರಡು ಲಕ್ಷ ರೂಪಾಯಿ ತೆಗೆದಿಟ್ಟಿದ್ದೇವೆ. ಇಷ್ಟು ಸಾಕೆ? ಯಾರನ್ನು ಕಾಣಬೇಕು?
— ನಿವೃತ್ತ ಶಿಕ್ಷಕಿ, ಹಾಸನ

ಮೊದಲು ಲೆಕ್ಕ ನೋಡೋಣ ಅಮ್ಮ. ಎರಡು ಲಕ್ಷವನ್ನು ಶೇ 7ರ ಬಡ್ಡಿಗೆ ಠೇವಣಿ ಇಟ್ಟರೆ ವರ್ಷಕ್ಕೆ ಬರುವುದು 14,000 ರೂಪಾಯಿ. ಹತ್ತು ಗ್ರಾಂ ಚಿನ್ನದ ಬೆಲೆ 2025ರಲ್ಲೇ ಒಂದು ಲಕ್ಷ ದಾಟಿತು. ಒಂದು ವರ್ಷದ ಬಡ್ಡಿಯಲ್ಲಿ ಒಂದೂವರೆ ಗ್ರಾಂ ಚಿನ್ನವೂ ಬರುವುದಿಲ್ಲ. ಘಟಿಕೋತ್ಸವದಲ್ಲಿ ಕೊಡುವ ಎಷ್ಟೋ ‘ಚಿನ್ನದ ಪದಕ’ಗಳು ಬೆಳ್ಳಿಗೆ ಚಿನ್ನದ ಲೇಪ ಹಾಕಿದವಾಗಿರುವುದು ಈ ಕಾರಣಕ್ಕೇ. ಇದರಲ್ಲಿ ಮೋಸವೇನಿಲ್ಲ, ಹಳೆಯ ಇಡುಗಂಟಿನ ಬಡ್ಡಿಗೆ ಅಷ್ಟೇ ದಕ್ಕುತ್ತದೆ. 1990ರ ದಶಕದಲ್ಲಿ ಶೇ 12ರ ಬಡ್ಡಿ ಸಿಗುತ್ತಿದ್ದಾಗ 25,000 ರೂಪಾಯಿಯ ದತ್ತಿಯಿಂದ ವರ್ಷಕ್ಕೆ 3,000 ಬರುತ್ತಿತ್ತು. ಶೇ 6.5ರ ದರದಲ್ಲಿ ಅದೇ ದತ್ತಿ ಕೊಡುವುದು 1,625 ರೂಪಾಯಿ. ಬಡ್ಡಿ ಇಳಿಯಿತು, ಬೆಲೆ ಏರಿತು, ಇಡುಗಂಟು ಮಾತ್ರ ಇದ್ದಲ್ಲೇ ಇದೆ.

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇವೆ. ಪದಕದ ಬದಲು ವಿದ್ಯಾರ್ಥಿವೇತನ ಇಡಿ. ಪದಕ ಬರುವುದು ಓದು ಮುಗಿದ ಮೇಲೆ, ಅದೂ ಹೇಗೋ ಓದಿ ಗೆದ್ದವರಿಗೆ. ಶುಲ್ಕ ಕಟ್ಟಲಾಗದೆ ಮೊದಲ ವರ್ಷವೇ ಊರಿಗೆ ಮರಳಿದ ಹುಡುಗಿಯ ಹೆಸರು ಯಾವ ಪದಕದ ಪಟ್ಟಿಯಲ್ಲೂ ಬರುವುದಿಲ್ಲ. ಮೇಷ್ಟ್ರ ಹೆಸರಿನ ಹತ್ತು ಸಾವಿರ ರೂಪಾಯಿ ಜುಲೈ ತಿಂಗಳಲ್ಲಿ ಒಬ್ಬರ ಕೈಗೆ ಸಿಕ್ಕರೆ ಅದರಿಂದ ಒಂದು ವರ್ಷದ ಓದು ಉಳಿಯಬಹುದು. ಪದಕವೇ ಆಗಬೇಕೆಂದು ಮಕ್ಕಳು ಹಟ ಹಿಡಿದರೆ ಪ್ರಶಸ್ತಿಪತ್ರದ ಜೊತೆ ನಗದು ಬಹುಮಾನ ಎಂದು ಬರೆಸಿ. ಚಿನ್ನದ ತೂಕವನ್ನಂತೂ ಪತ್ರದಲ್ಲಿ ನಮೂದಿಸಬೇಡಿ.

ಬಡ್ಡಿಯಷ್ಟನ್ನೂ ಖರ್ಚು ಮಾಡಿಸುವುದೂ ತಪ್ಪು. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಇಂದಿನ 14,000 ರೂಪಾಯಿಯ ಕೊಳ್ಳುವ ಶಕ್ತಿ ಹನ್ನೆರಡು ವರ್ಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ 10,000 ಕೊಟ್ಟು 4,000 ರೂಪಾಯಿಯನ್ನು ಮತ್ತೆ ಮೂಲಧನಕ್ಕೆ ಸೇರಿಸುವಂತೆ ಬರೆಸಿ. ಪ್ರತಿ ವರ್ಷದ ಬಡ್ಡಿಯನ್ನೂ ಇದೇ ಪ್ರಮಾಣದಲ್ಲಿ ಹಂಚುತ್ತ ಹೋದರೆ ಹತ್ತು ವರ್ಷ ಕಳೆಯುವಷ್ಟರಲ್ಲಿ ಇಡುಗಂಟು ಸುಮಾರು 2,43,800 ಆಗಿರುತ್ತದೆ, ಆಗ 12,000 ಕೊಡಬಹುದು. ಬೆಲೆ ಏರಿಕೆಯನ್ನು ಇದು ಪೂರ್ತಿ ಹಿಂದಿಕ್ಕುವುದಿಲ್ಲ, ಆದರೆ ದತ್ತಿ ಕ್ಷೀಣಿಸುವ ವೇಗ ತಗ್ಗುತ್ತದೆ.

ಇನ್ನು ದಾರಿ. ಕುಲಸಚಿವರಿಗೆ (ಆಡಳಿತ) ಒಂದು ಪುಟದ ಪತ್ರ ಬರೆಯಿರಿ. ಮೊತ್ತ, ಯಾರ ಸ್ಮರಣೆಗೆ, ಯಾವ ಉದ್ದೇಶಕ್ಕೆ, ನಿಮ್ಮ ವಿಳಾಸ ಮತ್ತು ಪ್ಯಾನ್ ಸಂಖ್ಯೆ ಇಷ್ಟಿದ್ದರೆ ಸಾಕು. ಚೆಕ್ಕನ್ನು ಆಗಲೇ ಲಗತ್ತಿಸಬೇಡಿ. ದತ್ತಿಗೆ ಕನಿಷ್ಠ ಮೊತ್ತ ಎಷ್ಟೆಂದು ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಮಿತಿ ಹಾಕಿರುತ್ತದೆ, ಅದನ್ನು ಹಣಕಾಸು ಅಧಿಕಾರಿಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಪಡೆಯಿರಿ. ನಿಮ್ಮ ಪತ್ರ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯ ಮುಂದೆ ಹೋಗಿ ಒಪ್ಪಿಗೆಯಾಗಬೇಕು. ಒಪ್ಪಿಗೆಯ ನಡಾವಳಿಯ ಪ್ರತಿ ಕೈಗೆ ಬಂದ ಮೇಲೆ ದತ್ತಿ ಪತ್ರಕ್ಕೆ ಸಹಿ ಹಾಕಿ, ಚೆಕ್ಕನ್ನು ವಿಶ್ವವಿದ್ಯಾಲಯದ ಹೆಸರಿಗೇ ಕೊಡಿ. ವಿಭಾಗದ ಮುಖ್ಯಸ್ಥರ ಹೆಸರಿಗೆ, ವಿಭಾಗದ ಸಂಘದ ಖಾತೆಗೆ ಕೊಡಬೇಡಿ. ಅವರು ಎಷ್ಟೇ ಒಳ್ಳೆಯವರಾಗಿರಲಿ, ನಿವೃತ್ತರಾದ ಮರುದಿನ ಆ ಖಾತೆಯ ಜವಾಬ್ದಾರಿ ಯಾರದೆಂದು ಹುಡುಕಬೇಕಾಗುತ್ತದೆ.

ದತ್ತಿ ಪತ್ರದ ಮಾತು ಹೀಗಿರಲಿ: “ಕನ್ನಡ ಸ್ನಾತಕೋತ್ತರ ವಿಭಾಗದಲ್ಲಿ ಓದುತ್ತಿರುವ, ಆರ್ಥಿಕವಾಗಿ ಹಿಂದುಳಿದ ಕುಟುಂಬದ ಒಬ್ಬ ವಿದ್ಯಾರ್ಥಿ ಅಥವಾ ವಿದ್ಯಾರ್ಥಿನಿಗೆ ಪ್ರತಿ ವರ್ಷ ಆಗಸ್ಟ್ ಅಂತ್ಯದೊಳಗೆ. ಸತತ ಎರಡು ವರ್ಷ ಅರ್ಹರು ದೊರೆಯದಿದ್ದರೆ, ಕೋರ್ಸು ನಿಂತರೆ, ಅಥವಾ ವಿಭಾಗ ಬೇರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದರೆ, ಈ ಉದ್ದೇಶಕ್ಕೆ ಅತಿ ಹತ್ತಿರವಾದ ವಿದ್ಯಾರ್ಥಿ ನೆರವಿಗೆ ಹಣ ಬಳಸಲು ಸಿಂಡಿಕೇಟ್‌ಗೆ ಅಧಿಕಾರವಿದೆ.” ಎರಡನೆಯ ವಾಕ್ಯ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಅದಿಲ್ಲದ ದತ್ತಿಗಳ ಪಾಡು ಏನೆಂದು ಮುಂದಿನ ಪ್ರಶ್ನೆಯಲ್ಲಿದೆ.

ಹೆಸರಿನ ಬಗ್ಗೆ ಒಂದು ಮಾತು. ಜೆಮ್‌ಶೆಟ್‌ಜಿ ಟಾಟಾ ಸಂಶೋಧನಾ ಸಂಸ್ಥೆಯೊಂದಕ್ಕೆ ತಮ್ಮ ಆಸ್ತಿ ಕೊಡಲು ಮುಂದಾದದ್ದು 1898ರಲ್ಲಿ. 1904ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಮೈಸೂರು ಸಂಸ್ಥಾನ ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆ ಎಂಬ ಹೆಸರಿನಲ್ಲಿ ಟಾಟಾ ಎಂಬ ಪದವೇ ಇಲ್ಲ, ಆದರೂ ಬೆಂಗಳೂರಿನ ಹಳಬರಿಗೆ ಅದು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಉದ್ದೇಶ ಅಗಲವಾಗಿದ್ದುದರಿಂದ ದಾನಿಯೇ ಇಲ್ಲವಾದ ಮೇಲೂ ಕೆಲಸ ನಿಲ್ಲಲಿಲ್ಲ.

ಪ್ರಶ್ನೆ: ನಮ್ಮ ವಿಭಾಗದ ಹೆಸರಿನಲ್ಲಿ ಹತ್ತಾರು ದತ್ತಿಗಳಿವೆ. ಎಷ್ಟೋ ವರ್ಷಗಳಿಂದ ಯಾರಿಗೂ ಏನೂ ಕೊಟ್ಟಿಲ್ಲ. ಹಣ ಎಲ್ಲಿ ಹೋಗುತ್ತದೆ?
— ಅಧ್ಯಾಪಕ, ಕಲಬುರಗಿ

ಸಾಮಾನ್ಯವಾಗಿ ಹಣ ಎಲ್ಲಿಯೂ ಹೋಗಿರುವುದಿಲ್ಲ, ಬ್ಯಾಂಕಿನಲ್ಲೇ ಕೊಳೆಯುತ್ತಿರುತ್ತದೆ. ಕಳ್ಳತನವೆಂದು ಕೂಗುವ ಮೊದಲು ಷರತ್ತುಗಳನ್ನು ಓದಿ ನೋಡಿ. ‘ಇಂಥ ತಾಲ್ಲೂಕಿನ, ಇಂಥ ಕಾಲೇಜಿನಿಂದ ಬಂದು, ಅಂತಿಮ ವರ್ಷದ ಒಟ್ಟು ಅಂಕಗಳಲ್ಲಿ ಪ್ರಥಮ ಸ್ಥಾನ ಪಡೆದ ಹುಡುಗ’ ಎಂದು ಬರೆದಿದ್ದರೆ ಹತ್ತು ವರ್ಷಕ್ಕೊಮ್ಮೆಯೂ ಅಂಥವರು ಸಿಗುವುದು ಕಷ್ಟ. ವಾರ್ಷಿಕ ಪರೀಕ್ಷೆ ಹೋಗಿ ಸೆಮಿಸ್ಟರ್ ಬಂತು, ಅಂಕ ಹೋಗಿ ಸಿಜಿಪಿಎ ಬಂತು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ‘ಅಂತಿಮ ವರ್ಷದ ಒಟ್ಟು ಅಂಕ’ ಎಂದರೆ ಈಗ ಯಾವುದು? ಗುಮಾಸ್ತರು ಹೊಣೆ ಹೊರಲು ಹೆದರಿ ಕಡತ ಬದಿಗಿಡುತ್ತಾರೆ.

ವ್ಯಾಪ್ತಿ ಬದಲಾದದ್ದು ಇನ್ನೊಂದು ತೊಡಕು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾದಾಗ ಕೋಲಾರದ ಕಾಲೇಜುಗಳು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. ಕೋಲಾರದ ವಿದ್ಯಾರ್ಥಿಗೆಂದು ಯಾರಾದರೂ ಮೂಲ ವಿಶ್ವವಿದ್ಯಾಲಯದಲ್ಲಿ ದತ್ತಿ ಇಟ್ಟಿದ್ದರೆ ಹಣ ಒಂದು ಕಡೆ, ವಿದ್ಯಾರ್ಥಿ ಇನ್ನೊಂದು ಕಡೆ. ಧಾರವಾಡ, ಮೈಸೂರು ವಿಶ್ವವಿದ್ಯಾಲಯಗಳ ವ್ಯಾಪ್ತಿಯಿಂದಲೂ ಕಾಲಕಾಲಕ್ಕೆ ಜಿಲ್ಲೆಗಳು ಕಳಚಿಕೊಂಡಿವೆ.

ಮೂರನೆಯದು ಲೆಕ್ಕಪತ್ರದ ಸಡಿಲ. ಬಿಡಿ ದತ್ತಿಗಳನ್ನೆಲ್ಲ ಒಂದೇ ದೊಡ್ಡ ಠೇವಣಿಗೆ ಸೇರಿಸುವುದರಲ್ಲಿ ತಪ್ಪಿಲ್ಲ, ಬಡ್ಡಿ ತುಸು ಹೆಚ್ಚೇ ಸಿಗುತ್ತದೆ. ಆದರೆ ಯಾವ ದತ್ತಿಯ ಪಾಲು ಎಷ್ಟು ಎಂಬ ವಹಿ ಇಲ್ಲದಿದ್ದರೆ ಐದಾರು ವರ್ಷದಲ್ಲಿ ಬಿಡಿಸಲಾಗದ ಗಂಟಾಗುತ್ತದೆ. ಠೇವಣಿ ಅವಧಿ ಮುಗಿದು ನವೀಕರಣವಾಗದೆ ಉಳಿತಾಯ ಖಾತೆಯ ಬಡ್ಡಿಗೆ ಇಳಿದಿರುವುದೂ ಉಂಟು. ವಿನಾಯಿತಿಯ ದಾಖಲೆ ಕೊಡದಿದ್ದರೆ ಬ್ಯಾಂಕು ಬಡ್ಡಿಯಲ್ಲಿ ಶೇ 10ರಷ್ಟು ಟಿಡಿಎಸ್ ಮುರಿದುಕೊಳ್ಳುತ್ತದೆ, ಅದನ್ನು ವಾಪಸ್ ಕೇಳುವವರು ಇರುವುದಿಲ್ಲ.

ನೀವು ಮಾಡಬಹುದಾದ್ದು ಇದು. ನಿಮ್ಮ ವಿಭಾಗದ ದತ್ತಿಗಳ ಪಟ್ಟಿಯನ್ನು ಐದು ಕಲಂಗಳಲ್ಲಿ ಕೇಳಿ: ದಾನಿಯ ಹೆಸರು ಮತ್ತು ವರ್ಷ, ಮೂಲಧನ, ಇಂದಿನ ಶಿಲ್ಕು, ಷರತ್ತು, ಕೊನೆಯ ಬಾರಿ ಕೊಟ್ಟ ವರ್ಷ. ಮೊದಲು ವಿಭಾಗದ ಪತ್ರದ ಮೂಲಕ ಹಣಕಾಸು ಅಧಿಕಾರಿಯನ್ನು ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಇದನ್ನು ಮರೆತು ನಾಲ್ಕು ಪುಟ ಬರೆದವರ ಅರ್ಜಿ ಅದೇ ನೆಪದಲ್ಲಿ ಹಿಂದಿರುಗುತ್ತದೆ.

ಪಟ್ಟಿ ಬಂದ ಮೇಲೆ ಸತ್ತಂತಿರುವ ದತ್ತಿಗಳನ್ನು ಗುರುತಿಸಿ, ದಾನಿಯ ಮನೆಯವರಿಗೆ ಕಾಗದ ಬರೆಯಿರಿ. ‘ನಿಮ್ಮ ತಂದೆಯವರ ದತ್ತಿ ಇಷ್ಟು ವರ್ಷದಿಂದ ಬಳಕೆಯಾಗಿಲ್ಲ, ಷರತ್ತನ್ನು ಹೀಗೆ ಸಡಿಲಿಸಲು ಒಪ್ಪುವಿರಾ’ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ, ಇನ್ನಷ್ಟು ಹಣ ಸೇರಿಸುವವರೂ ಇರುತ್ತಾರೆ. ಅವರ ಒಪ್ಪಿಗೆ ಪತ್ರ, ವಿಭಾಗದ ಠರಾವು, ಹಣಕಾಸು ಸಮಿತಿಯ ಶಿಫಾರಸು ಮೂರನ್ನೂ ಸೇರಿಸಿ ಸಿಂಡಿಕೇಟ್ ಮುಂದಿಡಿ. ಐದು ಸಾವಿರ, ಹತ್ತು ಸಾವಿರದ ಹಳೆಯ ಇಡುಗಂಟುಗಳಿದ್ದರೆ ಹತ್ತನ್ನು ಒಟ್ಟುಗೂಡಿಸಿ, ಎಲ್ಲ ದಾನಿಗಳ ಹೆಸರನ್ನೂ ಉಳಿಸಿಕೊಂಡು, ಒಂದೇ ವಿದ್ಯಾರ್ಥಿವೇತನ ಮಾಡುವುದು ವಾಸಿ. ವರ್ಷಕ್ಕೆ 400 ರೂಪಾಯಿಯ ಬಹುಮಾನ ಪಡೆಯಲು ವಿದ್ಯಾರ್ಥಿ ಬಸ್ಸಿಗೆ ಅದಕ್ಕಿಂತ ಹೆಚ್ಚು ಕೊಟ್ಟು ಬರಬೇಕಾದೀತು.

ಪ್ರಶ್ನೆ: ನನಗೆ ಒಬ್ಬ ದಾನಿಗಳ ವಿದ್ಯಾರ್ಥಿವೇತನ ಬರುತ್ತಿದೆ. ಅವರ ಮನೆಯ ಸಮಾರಂಭಕ್ಕೆ ಬಂದು ವೇದಿಕೆಯಲ್ಲಿ ಮಾತಾಡಬೇಕು, ಫೋಟೊ ಹಾಕುತ್ತೇವೆ ಎನ್ನುತ್ತಿದ್ದಾರೆ. ಹೋಗದಿದ್ದರೆ ನಿಲ್ಲಿಸಿಬಿಡುತ್ತಾರೇನೋ ಎಂಬ ಭಯ.
— ಬಿ.ಎಸ್ಸಿ. ವಿದ್ಯಾರ್ಥಿನಿ, ತುಮಕೂರು

ಹೋಗಲೇಬೇಕೆಂಬ ಕಟ್ಟುಪಾಡು ಇಲ್ಲ. ವೇತನ ಬರುತ್ತಿರುವುದು ಕಾಲೇಜಿನ ಮೂಲಕವಾದರೆ ಅದರ ಷರತ್ತುಗಳು ದತ್ತಿ ಪತ್ರದಲ್ಲಿರುತ್ತವೆ. ಅಲ್ಲಿ ಇಲ್ಲದ್ದನ್ನು ನಿಮ್ಮಿಂದ ಯಾರೂ ಕೇಳುವ ಹಾಗಿಲ್ಲ. ವಿದ್ಯಾರ್ಥಿ ಕ್ಷೇಮಾಧಿಕಾರಿಗೋ ಪ್ರಾಂಶುಪಾಲರಿಗೋ ತಿಳಿಸಿ, ಉತ್ತರ ಅವರೇ ಕೊಡಲಿ. ವರ್ಷಕ್ಕೊಮ್ಮೆ ಕಾಲೇಜಿನ ಮೂಲಕ ಒಂದು ಕಾಗದ ಬರೆದು, ಯಾವ ಸೆಮಿಸ್ಟರ್ ಮುಗಿಯಿತು, ಹಣ ಯಾವುದಕ್ಕೆ ಬಳಕೆಯಾಯಿತು ಎಂದು ತಿಳಿಸಿದರೆ ನಿಮ್ಮ ಕಡೆಯ ಮರ್ಯಾದೆ ಸಂದಂತೆ.

ಇದನ್ನು ಓದುವ ದಾನಿಗಳಿಗೂ ಹೇಳಬೇಕು. ಬಡತನವನ್ನು ವೇದಿಕೆ ಹತ್ತಿಸುವ ನೆರವಿಗೆ ಅರ್ಜಿ ಹಾಕಲು ಹಿಂಜರಿಯುವವರು ಬಹಳ ಮಂದಿ, ಅದರಲ್ಲೂ ನಿಜಕ್ಕೂ ಬೇಕಾದವರು. ಸಹಪಾಠಿಗಳ ಎದುರು ದೊಡ್ಡ ರಟ್ಟಿನ ಚೆಕ್ ಹಿಡಿದು ನಿಂತ ಚಿತ್ರ ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ ಮೇಲೆ ಆ ತರಗತಿಯಿಂದ ಮರುವರ್ಷ ಬರುವ ಅರ್ಜಿಗಳು ಕಡಿಮೆಯಾಗುತ್ತವೆ. ದತ್ತಿ ಪತ್ರದಲ್ಲೇ ‘ಫಲಾನುಭವಿಯ ಹೆಸರು, ಭಾವಚಿತ್ರ ಪ್ರಕಟಿಸತಕ್ಕದ್ದಲ್ಲ’ ಎಂಬ ಸಾಲು ಸೇರಿಸಿ. ಹಣವನ್ನು ನೇರ ವಿದ್ಯಾರ್ಥಿಯ ಖಾತೆಗೆ ಹಾಕಿಸಿ.

ಪ್ರಶ್ನೆ: ನಮ್ಮದು ಸರ್ಕಾರಿ ಪದವಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಂಘ. ಏಳೆಂಟು ಲಕ್ಷ ವಂತಿಗೆ ಕೂಡುವ ಹಾಗಿದೆ. ಮಹಾದ್ವಾರ ಕಟ್ಟಿಸೋಣ ಎಂದು ಕೆಲವರು, ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕೋಣ ಎಂದು ಕೆಲವರು. ಊಟ ನಡೆಸಲು ಆಗುತ್ತದೆಯೆ?
— ಸಂಘದ ಕಾರ್ಯದರ್ಶಿ, ಉಡುಪಿ ಜಿಲ್ಲೆ

ಆಗುತ್ತದೆ, ನಡೆಸಿ. ನಿಮ್ಮ ಕಡೆಯೇ ಕೆಲವು ಸರ್ಕಾರಿ ಕಾಲೇಜುಗಳಲ್ಲಿ ದಾನಿಗಳ ನೆರವಿನಿಂದ ಇಂಥ ಊಟ ನಡೆದುಕೊಂಡು ಬಂದಿದೆ. ನಮ್ಮ ನಾಡಿನಲ್ಲಿ ಇದು ಹೊಸತೂ ಅಲ್ಲ. ವಾರಕ್ಕೆ ಏಳು ಮನೆ ಹಿಡಿದು ವಾರಾನ್ನ ಉಂಡು ಓದಿದವರ ತಲೆಮಾರು ಮೈಸೂರು, ಧಾರವಾಡದಲ್ಲಿ ಇತ್ತು. ಆಮೇಲೆ ಮಠಗಳ, ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು ಆ ಭಾರ ಹೊತ್ತವು. ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬರುವ ವಿದ್ಯಾರ್ಥಿ ಬರಿಹೊಟ್ಟೆಯಲ್ಲಿ ಬಂದಿರುತ್ತಾನೆ. ಎರಡು ಗಂಟೆಯ ಪ್ರಯೋಗಾಲಯದ ತರಗತಿಗೆ ಹಾಜರಿ ಯಾಕಿಲ್ಲ ಎಂದು ಕೇಳುವವರು ಇದನ್ನೂ ಕೇಳಬೇಕು. ಶಕ್ತಿ ಯೋಜನೆ ಬಂದ 2023ರಿಂದ ಹೆಣ್ಣುಮಕ್ಕಳ ಬಸ್ ಖರ್ಚು ಬಹುಮಟ್ಟಿಗೆ ತಪ್ಪಿದೆ, ಊಟದ ಖರ್ಚು ತಪ್ಪಿಲ್ಲ.

120 ಮಕ್ಕಳ ಲೆಕ್ಕ ಹಾಕೋಣ. ತಲೆಗೆ 125 ಗ್ರಾಂ ಅಕ್ಕಿಯಂತೆ 15 ಕೆ.ಜಿ., 30 ಗ್ರಾಂ ತೊಗರಿಬೇಳೆಯಂತೆ ಮೂರೂವರೆ ಕೆ.ಜಿ.ಗೆ ತುಸು ಮೇಲೆ, 75 ಗ್ರಾಂ ತರಕಾರಿಯಂತೆ 9 ಕೆ.ಜಿ., ಎಣ್ಣೆ ಒಂದು ಕೆ.ಜಿ., ಮಜ್ಜಿಗೆಗೆ ಐದು ಲೀಟರ್ ಮೊಸರು. ನಿಮ್ಮ ಕಡೆಯವರಿಗೆ ಕುಚ್ಚಲಕ್ಕಿಯೇ ಆಗಬೇಕಾದರೆ ಬೇಯಲು ಹೆಚ್ಚು ಹೊತ್ತು ಬೇಕು, ಗ್ಯಾಸ್ ಖರ್ಚು ಏರುತ್ತದೆ. ಸಾಮಗ್ರಿ, ಗ್ಯಾಸ್ ಸೇರಿ ಒಂದು ಊಟಕ್ಕೆ 22–25 ರೂಪಾಯಿ, ಅಡುಗೆಯವರು ಮತ್ತು ಸಹಾಯಕರ ಕೂಲಿ ತಲೆಗೆ 10 ರೂಪಾಯಿ. 35 ರೂಪಾಯಿ ಎಂದು ಇಟ್ಟುಕೊಳ್ಳಿ. ದಿನಕ್ಕೆ 4,200. ಪಾಠ ನಡೆಯುವ 180 ದಿನಕ್ಕೆ 7,56,000 ರೂಪಾಯಿ. ನಿಮ್ಮ ವಂತಿಗೆ ಒಂದೇ ವರ್ಷಕ್ಕೆ ಕರಗುತ್ತದೆ, ಅದನ್ನು ತಿಳಿದೇ ಇಳಿಯಬೇಕು.

ಹೆಚ್ಚಿನ ಕಡೆ ಊಟ ನಿಲ್ಲುವುದು ಜನವರಿಯಲ್ಲಿ. ಆಗಸ್ಟ್‌ನ ಉತ್ಸಾಹದಲ್ಲಿ ಕೂಡಿದ ಹಣ ಡಿಸೆಂಬರ್‌ಗೆ ಮುಗಿದಿರುತ್ತದೆ. ಆದ್ದರಿಂದ 60 ದಿನದ ಹಣ, ಎಂದರೆ 2,52,000 ರೂಪಾಯಿ, ಮುಟ್ಟದ ಶಿಲ್ಕಾಗಿ ಇಟ್ಟುಕೊಂಡೇ ಶುರುಮಾಡಿ. ಉಳಿದದ್ದಕ್ಕೆ ‘ಒಂದು ದಿನದ ಊಟ 4,200 ರೂಪಾಯಿ’ ಎಂದು ಹಳೆಯ ವಿದ್ಯಾರ್ಥಿಗಳಿಗೆ ತಿಂಗಳವಾರು ಹಂಚಿ. ಹುಟ್ಟುಹಬ್ಬಕ್ಕೆ, ತಿಥಿಗೆ ದಿನ ಕಾಯ್ದಿರಿಸುವವರು ಬಂದೇ ಬರುತ್ತಾರೆ. ಅವರ ಬಳಿ ಹೋಳಿಗೆ, ಪಾಯಸ ಮಾಡಿಸಿ ಎನ್ನಬೇಡಿ, ಬೇಳೆಯ ಪ್ರಮಾಣ ಹೆಚ್ಚಿಸಲು ಕೇಳಿ.

ಉಳಿದ ಎಡವಟ್ಟುಗಳು ಅಡುಗೆಮನೆಯವು. ಬೆಳಿಗ್ಗೆ ಹತ್ತಕ್ಕೆ ಟೋಕನ್ ಎಣಿಕೆ ಮುಗಿಯಬೇಕು, ಅಕ್ಕಿ ಅಳೆಯುವುದು ಆಮೇಲೆ. ಶನಿವಾರ ಮತ್ತು ಆಂತರಿಕ ಪರೀಕ್ಷೆಯ ದಿನ ಎಣಿಕೆ ಮೂರನೇ ಒಂದು ಭಾಗ ಇಳಿಯಬಹುದು. ಟೋಕನ್ ಎಲ್ಲರಿಗೂ ಒಂದೇ ಬಣ್ಣದ್ದಿರಲಿ, ಬಡವರಿಗೆ ಮಾತ್ರ ಎಂದು ಬೇರ್ಪಡಿಸಿದ ಸಾಲಿನಲ್ಲಿ ಯಾರೂ ನಿಲ್ಲುವುದಿಲ್ಲ. ಕುಡಿಯುವ ನೀರಿನ ತೊಟ್ಟಿ ತಿಂಗಳಿಗೊಮ್ಮೆ ತೊಳೆಯಿಸಿ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ರಜೆಯ ಎರಡು ತಿಂಗಳಲ್ಲಿ ಅಡುಗೆಯವರಿಗೆ ಅರ್ಧ ಕೂಲಿಯನ್ನಾದರೂ ಕೊಡಿ, ಇಲ್ಲವಾದರೆ ಮರುವರ್ಷ ಹೊಸಬರನ್ನು ಹುಡುಕಿ ಅಳತೆ ಕಲಿಸುವ ಕೆಲಸ. ಹಣದ ಖಾತೆಗೆ ಸಂಘದ ಇಬ್ಬರ ಜಂಟಿ ಸಹಿ ಇರಲಿ, ಪ್ರತಿ ತಿಂಗಳ ಜಮಾ ಖರ್ಚನ್ನು ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಿ.

ಮಹಾದ್ವಾರದ ಬಗ್ಗೆ: ಸರ್ಕಾರಿ ಜಾಗದಲ್ಲಿ ಕಟ್ಟಲು ಇಲಾಖೆಯ ಅನುಮತಿ ಬೇಕು, ಕಟ್ಟಿದ ಮೇಲೆ ಬಣ್ಣ, ದೀಪ, ದುರಸ್ತಿಗೆ ಕಾಲೇಜಿನ ಬಳಿ ಹಣವಿರುವುದಿಲ್ಲ.

ಪ್ರಶ್ನೆ: ನಾನು ವಿದ್ಯಾರ್ಥಿನಿಲಯದ ವಾರ್ಡನ್. ಎರಡು ಮೂರು ಸಾವಿರ ರೂಪಾಯಿಗೆ ಓದು ಬಿಟ್ಟು ಹೋಗುವವರನ್ನು ನೋಡುತ್ತಿರುತ್ತೇನೆ. ಒಬ್ಬರು 50,000 ಕೊಡುತ್ತೇನೆಂದಿದ್ದಾರೆ. ದತ್ತಿ ಇಡಿಸಲೆ?
— ವಾರ್ಡನ್, ಶಿವಮೊಗ್ಗ

ಬೇಡ. 50,000ಕ್ಕೆ ವರ್ಷಕ್ಕೆ 3,500 ಬಡ್ಡಿ ಬರುತ್ತದೆ, ಒಬ್ಬರಿಗೂ ಸಾಲದು. ಇದನ್ನು ತುರ್ತು ನೆರವಿನ ನಿಧಿ ಮಾಡಿ, ಅಸಲನ್ನೇ ಬಳಸಿ. ಸರ್ಕಾರಿ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೂ ಹಣ ಖಾತೆಗೆ ಬರುವುದು ಎಷ್ಟೋ ಸಲ ವರ್ಷದ ಕೊನೆಗೆ. ಶುಲ್ಕ, ಮೆಸ್ ಠೇವಣಿ, ಪರೀಕ್ಷಾ ಶುಲ್ಕದ ಗಡುವು ಅದಕ್ಕಿಂತ ಎಷ್ಟೋ ಮೊದಲು. ಈ ನಡುವಿನ ತಿಂಗಳುಗಳಲ್ಲೇ ಮಕ್ಕಳು ಕೈತಪ್ಪುವುದು.

ನಿಯಮ ಚಿಕ್ಕದಾಗಿರಲಿ. ಪ್ರಾಂಶುಪಾಲರು, ಒಬ್ಬ ಅಧ್ಯಾಪಕಿ, ವಾರ್ಡನ್ ಮೂವರ ಸಮಿತಿ. 5,000 ರೂಪಾಯಿವರೆಗೆ ಇಬ್ಬರ ಸಹಿ ಸಾಕು. ಅರ್ಜಿ ಅರ್ಧ ಪುಟ, ತೀರ್ಮಾನ ಮೂರು ದಿನದೊಳಗೆ. ಆದಾಯ ಪ್ರಮಾಣಪತ್ರ ತರಲು ನಾಡಕಚೇರಿಗೆ ಅಲೆಸಿದರೆ ಅದನ್ನು ತುರ್ತು ಎನ್ನುವಂತಿಲ್ಲ. ಹಣವನ್ನು ನೇರವಾಗಿ ಪರೀಕ್ಷಾ ಶುಲ್ಕದ ಚಲನ್‌ಗೋ ಮೆಸ್ ಬಾಕಿಗೋ ಕಟ್ಟಿ, ರಸೀದಿ ಕಡತದಲ್ಲಿಡಿ. ವಿದ್ಯಾರ್ಥಿವೇತನ ಬಂದಾಗ ಮರಳಿಸಲು ಕೇಳಿ, ಬಡ್ಡಿ ಬೇಡ, ಜಾಮೀನು ಬೇಡ. ಎಲ್ಲರೂ ಮರಳಿಸುವುದಿಲ್ಲ, ಅದಕ್ಕೆಂದು ದಾನಿಯ ಬಳಿ ಪ್ರತಿ ವರ್ಷ ಒಂದಿಷ್ಟು ತುಂಬಿಕೊಡಲು ಮೊದಲೇ ಮಾತಾಡಿಕೊಳ್ಳಿ.

ಒಂದು ಎಚ್ಚರಿಕೆ: ಕೆಲವು ಸರ್ಕಾರಿ ಯೋಜನೆಗಳಲ್ಲಿ ಇನ್ನೊಂದು ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ನೀವು ಕೊಡುವುದು ಅಂಥ ವೇತನವಲ್ಲ, ಶುಲ್ಕದ ಕೈಗಡ ಎಂಬುದು ಕಡತದಲ್ಲಿ ಸ್ಪಷ್ಟವಾಗಿರಲಿ.

ಪ್ರಶ್ನೆ: ನಮ್ಮ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ, ಎಂದರೆ ಸಿಎಸ್‌ಆರ್ ಹಣವನ್ನು ವಿಶ್ವವಿದ್ಯಾಲಯದಲ್ಲಿ ಶಾಶ್ವತ ದತ್ತಿನಿಧಿಯಾಗಿ ಇಡಬಹುದೆ?
— ಕಂಪನಿ ಉದ್ಯೋಗಿ, ಬೆಂಗಳೂರು

ಇಡುವಂತಿಲ್ಲ. 2021ರ ಜನವರಿ 22ರ ತಿದ್ದುಪಡಿಯ ನಂತರ ಇಡುಗಂಟಿಗೆ ಕೊಟ್ಟ ಹಣ ಸಿಎಸ್‌ಆರ್ ಖರ್ಚಾಗಿ ಲೆಕ್ಕಕ್ಕೆ ಬರುವುದಿಲ್ಲ. ಮೂರು ವರ್ಷದ ಯೋಜನೆ ಮಾಡಿ. ಪ್ರಯೋಗಾಲಯದ ಉಪಕರಣ ಕೊಡುವುದಾದರೆ ಅದರ ವಾರ್ಷಿಕ ನಿರ್ವಹಣೆ ಮತ್ತು ಒಬ್ಬ ತಂತ್ರಜ್ಞರ ಸಂಬಳವನ್ನೂ ಸೇರಿಸಿ. ಡಬ್ಬಿ ಒಡೆಯದೆ ಬಿದ್ದಿರುವ ಯಂತ್ರಗಳು, ನಡೆಸುವವರಿಲ್ಲದೆ ಬೀಗ ಬಿದ್ದ ಕಂಪ್ಯೂಟರ್ ಕೊಠಡಿಗಳು ಈಗಾಗಲೇ ಸಾಕಷ್ಟಿವೆ.

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿ ಇಪ್ಪತ್ತು ವರ್ಷವಾಯಿತು, ಅಲ್ಲಿನ ಪೌರತ್ವ ಬಂದಿದೆ. ನಾನು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿ ಸಂಘಕ್ಕೆ ಹಣ ಕಳಿಸಬಹುದೆ?
— ಓದುಗ, ನ್ಯೂಜೆರ್ಸಿ

ನೇರವಾಗಿ ಸಂಘದ ಮಾಮೂಲಿ ಖಾತೆಗೆ ಕಳಿಸಬೇಡಿ. ನೀವು ವಿದೇಶಿ ಪೌರರಾದ್ದರಿಂದ, ಸಾಗರೋತ್ತರ ಭಾರತೀಯ (ಓಸಿಐ) ಕಾರ್ಡ್ ಇದ್ದರೂ, ನಿಮ್ಮ ಹಣ ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಘಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಎಂದರೆ ಎಫ್‌ಸಿಆರ್‌ಎ ನೋಂದಣಿ ಇರಬೇಕು. ಹಣ ಮೊದಲು ಇಳಿಯಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ನಿಗದಿತ ಖಾತೆಗೆ. ನೋಂದಣಿ ಕೋರಲು ಸಂಘ ಮೂರು ವರ್ಷದಿಂದ ನಡೆಯುತ್ತಿರಬೇಕು, ಆ ಅವಧಿಯಲ್ಲಿ ತನ್ನ ಉದ್ದೇಶಕ್ಕಾಗಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಸಣ್ಣ ಸಂಘಗಳಿಗೆ ಇದು ಎಟುಕುವುದಿಲ್ಲ. ನೋಂದಣಿ ಇರುವ ಬೇರೆ ಸಂಸ್ಥೆಗೆ ಕಳಿಸಿ ಅಲ್ಲಿಂದ ದಾಟಿಸುವ ದಾರಿಯನ್ನೂ 2020ರ ತಿದ್ದುಪಡಿ ಮುಚ್ಚಿದೆ. ‘ಗೆಳೆಯನ ಖಾತೆಗೆ ಹಾಕಿ, ಅವನು ಕೊಡುತ್ತಾನೆ’ ಎನ್ನುವುದು ಗೆಳೆಯನನ್ನೂ ಸಂಘವನ್ನೂ ತೊಂದರೆಗೆ ಸಿಕ್ಕಿಸುತ್ತದೆ.

ಭಾರತದ ಮಹಾಲೇಖಪಾಲರ (ಸಿಎಜಿ) ಲೆಕ್ಕಪರಿಶೋಧನೆ ಕಡ್ಡಾಯವಾಗಿರುವ ಶಾಸನಬದ್ಧ ಸಂಸ್ಥೆಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ. ಆದ್ದರಿಂದ ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿಗೆ ಬರೆದು, ತಮಗೆ ಈ ವಿನಾಯಿತಿ ಅನ್ವಯಿಸುತ್ತದೆಯೆ, ಹಣವನ್ನು ನಿಮ್ಮ ಕಾಲೇಜಿಗೆಂದು ಗುರುತಿಟ್ಟು ಪಡೆಯಬಹುದೆ ಎಂದು ಲಿಖಿತ ಉತ್ತರ ಕೇಳಿ. ನಿಮ್ಮ ಜೊತೆ ಸೇರುವ ಗೆಳೆಯರಲ್ಲಿ ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರಿದ್ದರೆ, ಅವರು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಪಾಸ್‌ಪೋರ್ಟ್ ಪ್ರತಿಯನ್ನು ಸಂಘದ ಕಡತದಲ್ಲಿ ಇರಿಸಬೇಕು. ಅಮೆರಿಕದ ತೆರಿಗೆ ರಿಯಾಯಿತಿ ಬೇಕಿದ್ದರೆ ಅಲ್ಲೇ ನೋಂದಾಯಿತ ಧರ್ಮಾರ್ಥ ಸಂಸ್ಥೆಯ ಮೂಲಕವೇ ಕೊಡಬೇಕು, ಇಲ್ಲಿನ ರಸೀದಿ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಕಾಲೇಜಿಗೆ 20,000 ನಗದು ಕೊಟ್ಟು ರಸೀದಿ ಪಡೆದೆ. ಲೆಕ್ಕಿಗರು ಆದಾಯ ತೆರಿಗೆಯ 80ಜಿ ಕಲಮಿನ ರಿಯಾಯಿತಿ ಬರುವುದಿಲ್ಲ ಎನ್ನುತ್ತಾರೆ. ಯಾಕೆ?
— ವ್ಯಾಪಾರಿ, ದಾವಣಗೆರೆ

ಅವರು ಹೇಳಿದ್ದು ಸರಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ರಿಯಾಯಿತಿ ಇಲ್ಲ. ಚೆಕ್ಕಿನಲ್ಲೋ ಯುಪಿಐನಲ್ಲೋ ಕೊಟ್ಟಿದ್ದರೂ ಮತ್ತೆರಡು ನೋಡಬೇಕು: ಸಂಸ್ಥೆಗೆ 80ಜಿ ಮಾನ್ಯತೆ ಇರಬೇಕು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು. ಹೊಸ ಪದ್ಧತಿಯಲ್ಲಿ ಈ ರಿಯಾಯಿತಿಯೇ ಇಲ್ಲ. ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ ರಿಯಾಯಿತಿ, ಅದೂ ಆದಾಯದ ಶೇ 10ರ ಮಿತಿಯೊಳಗೆ. ಬರೀ ರಸೀದಿ ಸಾಲದು, ನಿಮ್ಮ ಪ್ಯಾನ್ ನಮೂದಿಸಿ ಸಂಸ್ಥೆ ಇಲಾಖೆಗೆ ವಿವರ ಸಲ್ಲಿಸಿ ಪ್ರಮಾಣಪತ್ರ ಕೊಡಬೇಕು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ಕಲಂ ಸಂಖ್ಯೆಗಳು ಬದಲಾಗಿವೆ, ಲೆಕ್ಕಿಗರನ್ನು ಕೇಳಿಯೇ ತುಂಬಿ.

ಪ್ರಶ್ನೆ: ತಂದೆಯವರು ಸಂಗ್ರಹಿಸಿದ ಸುಮಾರು 3,000 ಪುಸ್ತಕ, ಕೆಲವು ತಾಳೆಗರಿ ಕಟ್ಟುಗಳಿವೆ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡೋಣವೆಂದರೆ ಅವರು ಉತ್ಸಾಹ ತೋರುತ್ತಿಲ್ಲ.
— ಓದುಗರು, ಮೈಸೂರು

ಅವರ ಕಷ್ಟವೂ ನಿಜ. ಮೂರಡಿ ಹಲಗೆಯೊಂದರಲ್ಲಿ ಕೂರುವುದು 30–35 ಪುಸ್ತಕ. ನಿಮ್ಮ ಸಂಗ್ರಹಕ್ಕೆ ತೊಂಬತ್ತಕ್ಕೂ ಹೆಚ್ಚು ಹಲಗೆ, ಎಂದರೆ ಆರು ಹಲಗೆಯ 15–16 ಕಪಾಟು ಬೇಕು. ಪ್ರತಿ ಪುಸ್ತಕಕ್ಕೂ ದಾಖಲಾತಿ ಸಂಖ್ಯೆ, ವರ್ಗೀಕರಣ, ಕಂಪ್ಯೂಟರ್ ನಮೂದು, ಬೆನ್ನಿಗೆ ಚೀಟಿ ಆಗಬೇಕು. ಒಮ್ಮೆ ವಹಿಗೆ ಏರಿದ ಪುಸ್ತಕವನ್ನು ತೆಗೆಯುವುದು ದೊಡ್ಡ ಕಡತದ ಕೆಲಸ. ಅದಕ್ಕೇ ಪಟ್ಟಿ ಇಲ್ಲದೆ ಟೆಂಪೊದಲ್ಲಿ ತಂದಿಳಿಸಿದ ಸಂಗ್ರಹಗಳು ಉಗ್ರಾಣ ಸೇರಿ ಗೆದ್ದಲು ಹಿಡಿಯುತ್ತವೆ.

ನೀವು ಪಟ್ಟಿ ಮಾಡಿ ಕೊಡಿ: ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ, ಸ್ಥಿತಿ. ಮೊಬೈಲಿನಲ್ಲಿ ಮುಖಪುಟ ಮತ್ತು ಒಳಪುಟದ ಚಿತ್ರ ತೆಗೆದು ಹಾಳೆಗೆ ಇಳಿಸಿದರೆ ದಿನಕ್ಕೆ ನೂರು ಪುಸ್ತಕ ಮುಗಿಸಬಹುದು. ಗ್ರಂಥಪಾಲಕರು ತಮ್ಮಲ್ಲಿಲ್ಲದ್ದನ್ನು ಆರಿಸಿಕೊಳ್ಳಲಿ. ಎಲ್ಲವನ್ನೂ ಒಂದೇ ಕಡೆ, ತಂದೆಯವರ ಹೆಸರಿನ ಕಪಾಟಿನಲ್ಲೇ ಇಡಬೇಕೆಂಬ ಷರತ್ತು ಹಾಕಬೇಡಿ. ವಿಷಯವಾರು ಸೇರಿದ ಪುಸ್ತಕ ಓದುಗನ ಕೈಗೆ ಬೇಗ ಸಿಗುತ್ತದೆ, ಒಳಪುಟದಲ್ಲಿ ಕೊಡುಗೆಯ ಮುದ್ರೆ ಇದ್ದರೆ ಸಾಲದೆ? ಹಳೆಯ ಪತ್ರಿಕೆಗಳ ಸಂಪುಟ, ಸ್ಥಳೀಯ ಇತಿಹಾಸದ ಕಿರುಹೊತ್ತಿಗೆ, ಜಾತ್ರೆ–ಸಭೆಗಳ ಸ್ಮರಣಸಂಚಿಕೆ ಇದ್ದರೆ ಪಟ್ಟಿಯ ಮೇಲ್ಭಾಗದಲ್ಲಿ ಹಾಕಿ, ಸಂಶೋಧಕರು ಹುಡುಕುವುದು ಅವನ್ನೇ. ಉಳಿದವನ್ನು ತಾಲ್ಲೂಕು ಕಾಲೇಜು, ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಹಂಚಿ. ಪುಸ್ತಕದ ಜೊತೆ ದಾಖಲಾತಿ ಕೆಲಸಕ್ಕೆ ಒಬ್ಬ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗೆ ಮೂರು ತಿಂಗಳ ಗೌರವಧನ ಕೊಡುವಿರಾದರೆ ಗ್ರಂಥಪಾಲಕರ ಉತ್ಸಾಹ ತಾನಾಗಿ ಬರುತ್ತದೆ.

ತಾಳೆಗರಿಗಳನ್ನು ಬೇರೆ ಮಾಡಿ. ಎಣ್ಣೆ ಹಚ್ಚಬೇಡಿ, ಅಂಟಿಕೊಂಡ ಗರಿಗಳನ್ನು ಬಿಡಿಸಲು ಹೋಗಬೇಡಿ, ದಾರ ಜೀರ್ಣವಾಗಿದ್ದರೂ ಗರಿಗಳ ಕ್ರಮ ಕೆಡಿಸಬೇಡಿ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಒಣ ಜಾಗದಲ್ಲಿಟ್ಟು, ನಿಮ್ಮೂರಿನಲ್ಲೇ ಇರುವ ಮೈಸೂರು ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸಿ. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಸಿಕ್ಕಿದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ಕಟ್ಟಿನಿಂದ. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಕೊಡುವಾಗ ಪ್ರತಿ ಕಟ್ಟಿನ ಗರಿಗಳ ಸಂಖ್ಯೆ, ಉದ್ದಗಲ, ಲಿಪಿ ನಮೂದಿಸಿದ ಸ್ವೀಕೃತಿ ಪತ್ರ ಪಡೆಯಿರಿ. ಡಿಜಿಟಲ್ ಪ್ರತಿಯೊಂದನ್ನು ನಿಮ್ಮ ಮನೆಗೂ ಕೊಡಬೇಕೆಂದು ಅದರಲ್ಲೇ ಬರೆಸಿಕೊಳ್ಳಿ.